ಸೈನ್ಯದ ತುಳಿತಕ್ಕೆ ಸಿಕ್ಕ ಮರುಭೂಮಿಯೂ ಸೂಡಿಯ ಸೀಮೆಯ ಮಡ್ಡಿಯೂ
ಕೆಟ್ಟ ನೆಲದ ತಪಾಸಣೆ ಮತ್ತು ಅದನ್ನು ಮರಳಿ ಹದಕ್ಕೆ ತರುವ ಕ್ರಮ

ಮಳೆಯು ಮಣ್ಣನ್ನು ಕೊಚ್ಚುತ್ತದೆ, ಗಾಳಿಯು ಮಣ್ಣನ್ನು ಹಾರಿಸುತ್ತದೆ ಎಂಬ ಸಂಗತಿಯು ಒಕ್ಕಲಿಗರೆಲ್ಲರಿಗೂ ವಿದಿತವೇ ಇದೆ. ಹೊಲದ ಒಡ್ಡು ಒಡೆದು ಕೊರಕಲು ಬಿದ್ದರೆ ಅದು ಮರುದಿನವೇ ಕಣ್ಣಿಗೆ ಕಾಣುತ್ತದೆ. ಮಾಲಕನು ಆಳುಗಳನ್ನು ಕರೆದುಕೊಂಡು ಹೋಗಿ ಅದನ್ನು ಕಟ್ಟಿಸುತ್ತಾನೆ. ಆದರೆ ಭಾರದ ತುಳಿತದಿಂದ ನೆಲಕ್ಕೆ ತಟ್ಟುವ ಕೇಡು ಹಾಗಲ್ಲ. ಅದು ಮೇಲಿನಿಂದ ನೋಡುವವನಿಗೆ ಕಾಣುವುದಿಲ್ಲ. ಗಾಲಿಯು ಹಾದುಹೋದ ಜಾಗವು ಒಂದೆರಡು ಮಳೆಯಲ್ಲಿ ಸಮನಾಗಿ, ನೆಲವು ಮೊದಲಿನಂತೆಯೇ ಇದೆ ಎಂದು ಭ್ರಮೆ ಹುಟ್ಟಿಸುತ್ತದೆ. ಮೂರು ನಾಲ್ಕು ವರ್ಷಗಳು ಕಳೆದ ಮೇಲೆ ಆ ಪಟ್ಟಿಯಲ್ಲಿ ಜೋಳವು ಮೊಳಕಾಲು ಮಟ್ಟಕ್ಕೆ ನಿಂತು, ಪಕ್ಕದ ಸಾಲು ಎದೆಯೆತ್ತರ ಬೆಳೆದಾಗ ಮಾತ್ರ ಮಾಲಕನಿಗೆ ಅನುಮಾನ ಹುಟ್ಟುತ್ತದೆ. ಅಷ್ಟರಲ್ಲಿ ಕೇಡಿಗೆ ಕಾರಣರಾದವರು ಊರು ಬಿಟ್ಟು ಹೋಗಿರುತ್ತಾರೆ.

ಗಜೇಂದ್ರಗಡದ ಗುಡ್ಡದ ಸಾಲಿನಲ್ಲಿಯೂ ಗದಗ ಜಿಲ್ಲೆಯ ಇನ್ನಿತರ ಕಡೆಗಳಲ್ಲಿಯೂ ಗಾಳಿಯಿಂದ ವಿದ್ಯುತ್ತನ್ನು ಉತ್ಪನ್ನ ಮಾಡುವ ದೊಡ್ಡ ಯಂತ್ರಗಳು ಎದ್ದು ನಿಂತಿರುವುದನ್ನು ಎಲ್ಲರೂ ಕಂಡಿದ್ದಾರೆ. ಇವುಗಳ ರೆಕ್ಕೆಗಳನ್ನೂ ಕಂಬಗಳನ್ನೂ ಹೊತ್ತು ತರುವ ಲಾರಿಗಳು, ಅವನ್ನು ಎತ್ತಿ ನಿಲ್ಲಿಸುವ ಕ್ರೇನುಗಳು, ದಾರಿ ಕಡಿಯುವ ಜೇಸೀಬಿಗಳು ಹೊಲ, ಮಡ್ಡಿ, ಗಾಯರಾಣಗಳನ್ನು ದಾಟಿಯೇ ಹೋಗತಕ್ಕವು. ಹೊಲ ಕೊಡುವುದೂ ಬಿಡುವುದೂ ಮಾಲಕರ ಇಚ್ಛೆಗೆ ಸೇರಿದ್ದು. ಆದರೆ ಕೊಡುವ ಮುಂಚೆ ಇಂಥ ಭಾರವು ಒಣಸೀಮೆಯ ನೆಲಕ್ಕೆ ಏನು ಮಾಡುತ್ತದೆ ಎಂಬುದನ್ನು ತಿಳಿದಿರುವುದು ಅವಶ್ಯ. ಈ ವಿಷಯದಲ್ಲಿ ಜಗತ್ತಿಗೆ ಅತ್ಯಂತ ದೀರ್ಘವಾದ ಪಾಠವನ್ನು ಕಲಿಸಿದವು ಸೈನ್ಯಗಳು ಕವಾಯತು ಮಾಡಿದ ಮರುಭೂಮಿಗಳೇ ಆಗಿವೆ.

ಎಂಬತ್ತು ವರ್ಷದ ಹಿಂದಿನ ಗಾಲಿಯ ಗುರುತು

1942ನೆಯ ಇಸವಿಯಲ್ಲಿ ಸೂಡಿಯು ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಗೆ ಸೇರಿದ್ದಿತು. ಅದೇ ವರ್ಷ ಮುಂಬಯಿ ಸರಕಾರವು ಭೂಸುಧಾರಣೆಯ ಯೋಜನೆಗಳ ಕಾಯಿದೆಯನ್ನು ಮಾಡಿತು. ಒಣಸೀಮೆಯ ಹೊಲಗಳಿಗೆ ಸಮಪಾತಳಿಯ ಒಡ್ಡುಗಳನ್ನು ಸರಕಾರದ ಆಶ್ರಯದಲ್ಲಿ ಹಾಕಿಸುವುದಕ್ಕೆ ಈ ಕಾಯಿದೆಯೇ ಆಧಾರವಾಯಿತು. ಅದೇ 1942ರಲ್ಲಿಯೇ ಅಮೇರಿಕೆಯ ಜನರಲ್ ಪ್ಯಾಟನ್ನನು ಕ್ಯಾಲಿಫೋರ್ನಿಯದ ಮೋಜಾವೆ ಮರುಭೂಮಿಯಲ್ಲಿ ಆಫ್ರಿಕದ ಯುದ್ಧಕ್ಕಾಗಿ ಟ್ಯಾಂಕುಗಳ ತರಬೇತಿ ಕೇಂದ್ರವನ್ನು ಸ್ಥಾಪಿಸಿದನು. ಅದು 1944ರ ವರೆಗೆ ನಡೆಯಿತು. ಆ ಎರಡು ವರ್ಷಗಳಲ್ಲಿ ಲಕ್ಷಗಟ್ಟಲೆ ಸೈನಿಕರು ಅಲ್ಲಿ ತರಬೇತಿ ಹೊಂದಿದರು. ಯುದ್ಧ ಮುಗಿಯಿತು, ಡೇರೆಗಳು ಕಿತ್ತವು, ಮನುಷ್ಯರು ಹೊರಟುಹೋದರು. ಆದರೆ ಟ್ಯಾಂಕುಗಳ ಪಟ್ಟೆಯ ಗುರುತುಗಳು ಅಲ್ಲಿ ಇಂದಿಗೂ ಕಾಣುತ್ತವೆ. ಗಟ್ಟಿಯಾದ ನೆಲವು ತಾನಾಗಿಯೇ ಸಡಿಲಗೊಳ್ಳಲು ಅಲ್ಲಿ ಸುಮಾರು ನೂರು ವರ್ಷ ಬೇಕೆಂದು ಭೂಶಾಸ್ತ್ರಜ್ಞರು ಅಂದಾಜು ಮಾಡಿದ್ದಾರೆ.

ಆಫ್ರಿಕದಲ್ಲಿಯೂ ಇದೇ ಕಥೆ. ಈಜಿಪ್ತದ ಅಲೆಗ್ಝಾಂಡ್ರಿಯದ ಬಳಿಯ ಮರಿಯೂತ್ ಸೀಮೆಯಲ್ಲಿ ವಾಸವಾಗಿದ್ದ ಆಲಿವರ್ ಎಂಬ ಸಸ್ಯಶಾಸ್ತ್ರಜ್ಞನು 1939ರಿಂದ 1945ರ ವರೆಗೆ ಧೂಳಿನ ಬಿರುಗಾಳಿಗಳ ಲೆಕ್ಕವನ್ನು ಇಟ್ಟನು. ಸೈನ್ಯಗಳು ಆ ನೆಲವನ್ನು ತುಳಿದಾಡಿದ ವರ್ಷಗಳಲ್ಲಿ ಬಿರುಗಾಳಿಗಳ ಸಂಖ್ಯೆಯು ವಿಶೇಷವಾಗಿ ಏರಿ, ಸೈನ್ಯಗಳು ಮುಂದೆ ಸರಿದು ಕುರುಚಲು ಗಿಡಗಳು ಮತ್ತೆ ಚಿಗುರಿದ ಬಳಿಕ ಇಳಿಯಿತು. ಗಾಳಿಯು ಮೊದಲೂ ಇದ್ದಿತು, ಆಮೇಲೂ ಇದ್ದಿತು. ವ್ಯತ್ಯಾಸವಾದದ್ದು ನೆಲದ ಮೇಲ್ಪದರದ ಸ್ಥಿತಿಯಲ್ಲಿ ಮಾತ್ರ.

ತುಳಿತದಿಂದ ನೆಲಕ್ಕೆ ಆಗುವುದೇನು?

ಒಣಸೀಮೆಯ ನೆಲವು ಮೇಲೆ ಬರಡಾಗಿ ಕಂಡರೂ ಅದಕ್ಕೆ ಒಂದು ಹೊದಿಕೆಯಿರುತ್ತದೆ. ಸಣ್ಣ ಹರಳುಗಳು, ಒಣಗಿದ ಹುಲ್ಲಿನ ಬುಡಗಳು, ಕಣ್ಣಿಗೆ ಕಾಣದ ಪಾಚಿಯ ಎಳೆಗಳು ಕೂಡಿಕೊಂಡು ಮೇಲಿನ ಮಣ್ಣನ್ನು ಹಿಡಿದಿಟ್ಟಿರುತ್ತವೆ. ಗಾಲಿಯು ಹಾದಾಗ ಮೊದಲು ಒಡೆಯುವುದು ಈ ಹೊದಿಕೆಯೇ. ಒಡೆದ ಜಾಗದಿಂದ ನುಣುಪಾದ ಮಣ್ಣು ಗಾಳಿಗೆ ಹಾರುತ್ತದೆ. ಫಲವತ್ತಾದ ಭಾಗವೇ ಮೊದಲು ಹೋಗುತ್ತದೆ.

ಎರಡನೆಯ ಕೇಡು ಮಣ್ಣು ಗಟ್ಟಿಯಾಗುವುದು. ಮಣ್ಣಿನ ಕಣಗಳ ನಡುವಿನ ಸಂದುಗಳು ಮುಚ್ಚಿ, ನೀರು ಇಳಿಯುವ ದಾರಿಯೂ ಬೇರು ಇಳಿಯುವ ದಾರಿಯೂ ಕಟ್ಟಿಹೋಗುತ್ತವೆ. ಇಲ್ಲಿ ಎರಡು ಮಾತುಗಳನ್ನು ಲಕ್ಷ್ಯದಲ್ಲಿಡತಕ್ಕದ್ದು. ಒಂದು, ಕೇಡಿನ ಬಹುಭಾಗವು ಮೊದಲಿನ ಒಂದೆರಡು ಸಲದ ಓಡಾಟದಲ್ಲಿಯೇ ಆಗಿಬಿಡುತ್ತದೆ. ಆದಕಾರಣ ಹತ್ತು ಬಂಡಿಗಳು ಹತ್ತು ಹಾದಿಯಲ್ಲಿ ಹೋಗುವುದಕ್ಕಿಂತ ಹತ್ತೂ ಒಂದೇ ಹಾದಿಯಲ್ಲಿ ಹೋದರೆ ಹಾನಿಯು ಕಡಿಮೆ. ಎರಡು, ಹಸಿಯಾದ ಮಣ್ಣು ಒಣಮಣ್ಣಿಗಿಂತ ಬಹಳ ಹೆಚ್ಚಾಗಿ ಮತ್ತು ಆಳವಾಗಿ ಅಮುಕಿಕೊಳ್ಳುತ್ತದೆ. ಟ್ಯಾಂಕುಗಳಲ್ಲಿ ಇನ್ನೊಂದು ವಿಶೇಷವಿದೆ. ಅವು ನೇರವಾಗಿ ಹೋಗುವಾಗ ಮಾಡುವ ಕೇಡಿಗಿಂತ ತಿರುಗುವಾಗ ಮಾಡುವ ಕೇಡು ದೊಡ್ಡದು. ತಿರುಗುವ ಪಟ್ಟೆಯು ಗಿಡಗಳನ್ನು ಬುಡಸಹಿತ ಕಿತ್ತು ಮಣ್ಣನ್ನು ಬದಿಗೆ ತಳ್ಳುತ್ತದೆ. ಜೇಸೀಬಿಯು ನಿಂತಲ್ಲಿಯೇ ಸುತ್ತುವುದನ್ನು ನೋಡಿದವರಿಗೆ ಈ ಮಾತು ಬೇಗ ತಿಳಿಯುತ್ತದೆ.

ಮೂರನೆಯ ಕೇಡು ನೀರಿನ ಹಾದಿ ತಪ್ಪುವುದು. ಇಳಿಜಾರಿನ ಗುಂಟ ಬಿದ್ದ ಗಾಲಿಯ ಸಾಲು ಮಳೆಯಲ್ಲಿ ಕಾಲುವೆಯಾಗಿ, ಎರಡು ಮೂರು ಮಳೆಗಾಲದಲ್ಲಿ ಕೊರಕಲಾಗುತ್ತದೆ. ಅಡ್ಡಕ್ಕೆ ಏರಿಸಿದ ದಾರಿಯು ನೀರನ್ನು ತಡೆದು ಕೆಳಗಿನ ಹೊಲವನ್ನು ಬರಿದು ಮಾಡುತ್ತದೆ, ಇಲ್ಲವೆ ಒಂದೇ ಕಡೆಗೆ ನುಗ್ಗಿಸಿ ಒಡ್ಡನ್ನು ಒಡೆಯುತ್ತದೆ.

ಎರೆಭೂಮಿಗೂ ಮಸಾರಿಗೂ ಈ ವಿಷಯದಲ್ಲಿ ಭೇದವಿದೆ. ಎರೆಯು ಬೇಸಿಗೆಯಲ್ಲಿ ಬಿರಿದು ಮಳೆಯಲ್ಲಿ ಉಬ್ಬುವುದರಿಂದ ತನ್ನ ಗಾಯವನ್ನು ಸ್ವಲ್ಪಮಟ್ಟಿಗೆ ತಾನೇ ಮಾಯಿಸಿಕೊಳ್ಳುತ್ತದೆ. ಮಸಾರಿಗೂ ಗರಸು ಮಡ್ಡಿಗೂ ಈ ಗುಣವಿಲ್ಲ. ಅಲ್ಲಿ ಒಮ್ಮೆ ಅಮುಕಿದ್ದು ಮನುಷ್ಯನು ಬಿಡಿಸುವ ವರೆಗೆ ಹಾಗೆಯೇ ಉಳಿಯುತ್ತದೆ.

ನಮ್ಮ ದೇಶದ ಅನುಭವ

ಭಾರತದಲ್ಲಿ ಸೈನ್ಯದ ದೊಡ್ಡ ಕವಾಯತುಗಳು ರಾಜಸ್ಥಾನದ ಥಾರ್ ಮರುಭೂಮಿಯಲ್ಲಿ ನಡೆಯುತ್ತವೆ. ಬಿಕಾನೇರದ ಕಡೆಯ ಮಹಾಜನ, ಜೈಸಲಮೇರದ ಕಡೆಯ ಪೋಖರಣ ಇವು ಪ್ರಸಿದ್ಧವಾದ ಗುಂಡಿನ ಅಭ್ಯಾಸದ ಬಯಲುಗಳು. ಆದರೆ ನೆಲವನ್ನು ತುಳಿದ ಸೈನ್ಯವೇ ನೆಲವನ್ನು ಕಟ್ಟಿದ ಉದಾಹರಣೆಯೂ ಅದೇ ಸೀಮೆಯಲ್ಲಿದೆ. 1982ರಲ್ಲಿ ಡೆಹರಾಡೂನದ ಕಡೆಯಲ್ಲಿ ಸುಣ್ಣಗಲ್ಲಿನ ಗಣಿಗಳಿಂದ ಕೆಟ್ಟ ಗುಡ್ಡಗಳಿಗಾಗಿ ಪ್ರಾದೇಶಿಕ ಸೈನ್ಯದ ಮೊದಲನೆಯ ಪರಿಸರ ಪಡೆಯು ಹುಟ್ಟಿತು. ಮರುವರ್ಷ 1983ರಲ್ಲಿ ರಾಜಸ್ಥಾನಕ್ಕಾಗಿ ಎರಡನೆಯದು ಹುಟ್ಟಿತು. ನಿವೃತ್ತರಾದ ಸಿಪಾಯಿಗಳೇ ಇದರಲ್ಲಿ ಸೇರಿ, ಇಂದಿರಾಗಾಂಧಿ ಕಾಲುವೆಯ ಆಸುಪಾಸಿನ ಮರಳುಗುಡ್ಡೆಗಳ ಮೇಲೆ ಗಿಡ ನೆಟ್ಟು ನೀರೆರೆದು ಕಾಯ್ದರು.

ಆ ಕೆಲಸದ ಶಾಸ್ತ್ರವನ್ನು ಒದಗಿಸಿದ್ದು ಜೋಧಪುರದ ಕೇಂದ್ರೀಯ ಶುಷ್ಕಪ್ರದೇಶ ಸಂಶೋಧನ ಸಂಸ್ಥೆ. 1952ರಲ್ಲಿ ಮರುಭೂಮಿಯ ಅರಣ್ಯೀಕರಣ ಕೇಂದ್ರವಾಗಿ ಹುಟ್ಟಿದ ಇದು 1959ರಲ್ಲಿ ಈಗಿನ ಹೆಸರನ್ನು ಹೊಂದಿತು. ಅದರ ಕ್ರಮವು ಸರಳವಾದುದು. ಮೊದಲು ದನಕರುಗಳೂ ಬಂಡಿಗಳೂ ಬಾರದಂತೆ ಬೇಲಿ. ಆಮೇಲೆ ಒಣಗಿದ ಟೊಂಗೆಗಳನ್ನು ಸಾಲುಗಳಾಗಿ ಇಲ್ಲವೆ ಚದುರಂಗದ ಮನೆಗಳಂತೆ ನೆಲದಲ್ಲಿ ಹುಗಿದು ಗಾಳಿಗೆ ತಡೆ. ಕೊನೆಗೆ ಹುಲ್ಲಿನ ಬಿತ್ತನೆ ಮತ್ತು ಗಿಡಗಳ ನೆಡುವಿಕೆ. ಅನುಕ್ರಮವನ್ನು ತಪ್ಪಿಸಿ ಬೇಲಿಯಿಲ್ಲದೆ ಗಿಡ ನೆಟ್ಟಲ್ಲಿ ಶ್ರಮವು ವ್ಯರ್ಥವಾಗುತ್ತದೆ.

ಅಲ್ಲಿಯ ಒಕ್ಕಲಿಗರ ಆಧಾರವೃಕ್ಷವು ಖೇಜಡಿ. ಅದು ಬೇರಾವುದೂ ಅಲ್ಲ. ವಿಜಯದಶಮಿಯ ದಿನ ನಾವು ಬಂಗಾರವೆಂದು ಕೊಟ್ಟು ತೆಗೆದುಕೊಳ್ಳುವ ಬನ್ನಿಯೇ. ಪಾಂಡವರು ಆಯುಧಗಳನ್ನು ಬಚ್ಚಿಟ್ಟರೆಂದು ಪ್ರಸಿದ್ಧವಾದ ಈ ಮರವು ಆಳಕ್ಕೆ ಬೇರು ಬಿಟ್ಟು, ತನ್ನ ನೆರಳಿನಲ್ಲಿ ಬೆಳೆಯನ್ನು ಕೆಡಿಸದೆ, ಸೊಪ್ಪು ಕಾಯಿಗಳಿಂದ ದನಗಳನ್ನು ಸಾಕುತ್ತದೆ. ಇದಕ್ಕೆ ವಿರುದ್ಧವಾದ ಉದಾಹರಣೆಯೂ ಅಲ್ಲಿಯದೇ. ಬೇಗ ಬೆಳೆಯುವುದೆಂದು ಹೊರದೇಶದಿಂದ ತಂದ ಬಳ್ಳಾರಿ ಜಾಲಿಗೆ 1940ರಲ್ಲಿ ಜೋಧಪುರ ಸಂಸ್ಥಾನವು ರಾಜವೃಕ್ಷದ ಪದವಿಯನ್ನು ಕೊಟ್ಟಿತು. ಅದು ಇಂದು ಹೊಲ ಗಾಯರಾಣಗಳನ್ನು ನುಂಗಿ ನಿಂತ ಪರಿಯನ್ನು ನಮ್ಮ ಸೀಮೆಯವರಿಗೂ ಹೇಳಬೇಕಾದದ್ದಿಲ್ಲ.

ಕರ್ನಾಟಕದೊಳಗೆ ಈ ವಿಷಯಕ್ಕೆ ಹತ್ತಿರವಾದುದು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲೂಕಿನ ಅಮೃತಮಹಲ್ ಕಾವಲುಗಳ ಸಂಗತಿ. ಮೈಸೂರಿನ ಅರಸರ ಬೆಣ್ಣೆ ಚಾವಡಿಯಿಂದ ಹುಟ್ಟಿ ಟೀಪುವಿನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರು ಪಡೆದ ಈ ದನಗಳು ಸೈನ್ಯದ ತೋಪುಗಳನ್ನೂ ಸಾಮಾನುಗಳನ್ನೂ ಎಳೆದವು. ಅವುಗಳ ಮೇವಿಗೆಂದೇ ಕಾವಲುಗಳು ಮೀಸಲಾಗಿದ್ದವು. 2010ರ ಸುಮಾರಿಗೆ ಈ ಹುಲ್ಲುಗಾವಲುಗಳ ಪೈಕಿ ಸಾವಿರಾರು ಎಕರೆಗಳು ರಕ್ಷಣಾ ಸಂಶೋಧನೆಗೂ ಇತರ ವಿಜ್ಞಾನ ಸಂಸ್ಥೆಗಳಿಗೂ ಹಂಚಿಕೆಯಾದವು. 2017ರಲ್ಲಿ ಅಲ್ಲಿ ವಿಮಾನಗಳ ಪರೀಕ್ಷಾ ಬಯಲು ಪ್ರಾರಂಭವಾಯಿತು. ಕುರಿ ದನಗಳ ಮೇವನ್ನು ಕಳೆದುಕೊಂಡ ಹಳ್ಳಿಗಳವರ ತಕರಾರು ರಾಷ್ಟ್ರೀಯ ಹಸಿರು ನ್ಯಾಯಪೀಠದ ವರೆಗೆ ಹೋಯಿತು. ಬರಡೆಂದು ಕಾಗದದಲ್ಲಿ ಬರೆದ ನೆಲವು ನಿಜವಾಗಿ ಎಷ್ಟು ಹುಲ್ಲನ್ನು ಕೊಡುತ್ತಿತ್ತು, ಎಷ್ಟು ದನಗಳನ್ನು ಸಾಕುತ್ತಿತ್ತು ಎಂಬ ಲೆಕ್ಕವನ್ನು ಊರವರು ಮೊದಲೇ ಬರೆದಿಟ್ಟುಕೊಂಡಿದ್ದರೆ ಇಂಥ ವಾದದಲ್ಲಿ ಅದು ದೊಡ್ಡ ಬಲವಾಗುತ್ತದೆ.

ತಪಾಸಣೆಯ ಕ್ರಮ

ಅಮೇರಿಕೆಯ ಸೈನ್ಯವು 1980ರ ದಶಕದಲ್ಲಿ ತನ್ನ ಕವಾಯತು ಬಯಲುಗಳ ಸ್ಥಿತಿಯನ್ನು ವರ್ಷವರ್ಷಕ್ಕೆ ಅಳೆಯುವ ಒಂದು ಪದ್ಧತಿಯನ್ನು ಹುಡುಕಿತು. 100 ಮೀಟರು ಉದ್ದ, 6 ಮೀಟರು ಅಗಲದ ಪಟ್ಟಿಗಳನ್ನು ಶಾಶ್ವತವಾಗಿ ಗುರುತಿಸಿ, ನಡುವೆ ಹಿಡಿದ ಹಗ್ಗದ ಪ್ರತಿಯೊಂದು ಮೀಟರಿಗೆ ನೆಲದ ಮೇಲೆ ಏನಿದೆಯೆಂದು ಬರೆಯುವುದೇ ಅದರ ಸಾರ. ನೂರು ಬಿಂದುಗಳಿರುವುದರಿಂದ ಲೆಕ್ಕವು ತಾನೇ ಶೇಕಡಾ ಆಗುತ್ತದೆ. ಇದಕ್ಕೆ ಯಂತ್ರಗಳು ಬೇಡ. ಓದು ಬರಹ ಬಲ್ಲ ಇಬ್ಬರು ತರುಣರು ಒಂದು ಮುಂಜಾನೆಯಲ್ಲಿ ಒಂದು ಪಟ್ಟಿಯನ್ನು ಮುಗಿಸಬಲ್ಲರು. ಸೂಡಿಯ ಸೀಮೆಗೆ ಹೊಂದುವಂತೆ ಅದನ್ನು ಹೀಗೆ ನಡೆಸತಕ್ಕದ್ದು.

(1) ತುಳಿತಕ್ಕೆ ಸಿಕ್ಕ ನೆಲದಲ್ಲಿ ಒಂದು ಪಟ್ಟಿಯನ್ನೂ, ಅದೇ ಮಣ್ಣು ಅದೇ ಇಳಿಜಾರು ಇರುವ ಮುಟ್ಟದ ನೆಲದಲ್ಲಿ ಇನ್ನೊಂದು ಪಟ್ಟಿಯನ್ನೂ ಆರಿಸಿ, ಎರಡೂ ತುದಿಗಳಿಗೆ ಕಲ್ಲು ಹುಗಿಯಬೇಕು. ಎರಡನೆಯ ಪಟ್ಟಿಯಿಲ್ಲದಿದ್ದರೆ ಮೊದಲನೆಯದರ ಲೆಕ್ಕಕ್ಕೆ ಅರ್ಥವಿಲ್ಲ. ಯಾಕಂದರೆ ಹುಲ್ಲು ಕಡಿಮೆಯಾದದ್ದು ತುಳಿತದಿಂದಲೋ ಮಳೆಯ ಕೊರತೆಯಿಂದಲೋ ತಿಳಿಯಲಾರದು.

(2) ಹಗ್ಗದ ನೂರು ಬಿಂದುಗಳಲ್ಲಿ ಬರಿಯ ಮಣ್ಣು, ಹರಳು, ಒಣಕಸ, ಹುಲ್ಲು, ಗಿಡ ಇವುಗಳ ಪೈಕಿ ಯಾವುದಿದೆ, ಗಾಲಿಯ ಗುರುತು ಇದೆಯೋ ಇಲ್ಲವೋ ಎಂದು ಬರೆಯಬೇಕು. 6 ಮೀಟರಿನ ಅಗಲದೊಳಗೆ ಇರುವ ಬನ್ನಿ, ಜಾಲಿ, ಬೇವು, ಬಾರಿ ಮೊದಲಾದ ಗಿಡಗಳನ್ನು ಎಣಿಸಬೇಕು.

(3) ಚೂಪು ಮಾಡಿದ ಕಬ್ಬಿಣದ ಸಲಾಕೆಯನ್ನು ಹದಮಳೆಯಾದ ಎರಡು ದಿನಗಳ ಮೇಲೆ ಕೈಬಲದಿಂದ ನೆಲಕ್ಕೆ ಒತ್ತಿ, ಎಷ್ಟು ಅಂಗುಲಕ್ಕೆ ನಿಲ್ಲುತ್ತದೆಂದು ಒಂದೊಂದು ಪಟ್ಟಿಯಲ್ಲಿ ಹತ್ತು ಕಡೆ ನೋಡಬೇಕು. ಒತ್ತುವವನು ಎರಡೂ ಪಟ್ಟಿಗಳಲ್ಲಿ ಒಬ್ಬನೇ ಇರತಕ್ಕದ್ದು.

(4) ಎರಡೂ ಕಡೆ ತೆರೆದ ಡಬ್ಬಿಯನ್ನು ಎರಡು ಅಂಗುಲ ನೆಲದೊಳಗೆ ಕೂಡ್ರಿಸಿ, ಅಳತೆಯ ನೀರು ಹಾಕಿ, ಅದು ಇಂಗುವ ಹೊತ್ತನ್ನು ಗಡಿಯಾರದಿಂದ ಗೊತ್ತುಮಾಡಬೇಕು. ಮೊದಲ ನೀರನ್ನು ನೆಲ ನೆನೆಸಲು ಬಿಟ್ಟು ಎರಡನೆಯ ನೀರಿನ ಹೊತ್ತನ್ನು ಹಿಡಿಯುವುದು ಸರಿಯಾದುದು.

(5) ತುದಿಯ ಕಲ್ಲಿನ ಮೇಲೆ ನಿಂತು ಒಂದೇ ದಿಕ್ಕಿಗೆ ಮೊಬೈಲಿನಿಂದ ಛಾಯಾಚಿತ್ರ ತೆಗೆದು ತಾರೀಖು ಸಹಿತ ಇಡಬೇಕು.

ಈ ಕೆಲಸಕ್ಕೆ ಪ್ರತಿ ವರ್ಷ ಬನ್ನಿಹಬ್ಬದ ಮರುದಿನವನ್ನು ನೇಮಿಸಿಕೊಂಡರೆ ಮರೆವಿಗೆ ಆಸ್ಪದವಿಲ್ಲ. ಆಗ ಹುಲ್ಲು ತೆನೆಗೂಡಿದ್ದು ಜಾತಿಗಳ ಗುರುತು ಹತ್ತುತ್ತದೆ. ತಿಥಿಯು ಕೆಲವು ದಿನ ಹಿಂದುಮುಂದಾದರೂ ಬಾಧೆಯಿಲ್ಲ. ಅಹಮದಾಬಾದದಲ್ಲಿರುವ ಬಾಹ್ಯಾಕಾಶ ಖಾತೆಯ ಕೇಂದ್ರವು ಉಪಗ್ರಹಗಳಿಂದ ದೇಶದ ಕೆಟ್ಟ ನೆಲವನ್ನು ಅಳೆದು, 2018–19ರಲ್ಲಿ ಅದು 9 ಕೋಟಿ 78 ಲಕ್ಷ ಹೆಕ್ಟೇರು, ಅಂದರೆ ದೇಶದ ಕ್ಷೇತ್ರದಲ್ಲಿ ಶೇಕಡಾ 30ರ ಸಮೀಪ ಇದೆಯೆಂದು ಪ್ರಕಟಿಸಿದೆ. ಮೇಲಿನಿಂದ ನೋಡುವ ಕಣ್ಣು ಅಷ್ಟು ದೊಡ್ಡ ಲೆಕ್ಕಕ್ಕೆ ಬೇಕು. ಆದರೆ ಒಂದು ಊರಿನ ಒಂದು ಸರ್ವೇ ನಂಬರಿನ ಲೆಕ್ಕಕ್ಕೆ ನೆಲದ ಮೇಲೆ ಹಿಡಿದ ಹಗ್ಗವೇ ಸಾಕ್ಷಿ.

ನೆಲವನ್ನು ಮರಳಿ ಕಟ್ಟುವ ಉಪಾಯಗಳು

ಮೊದಲನೆಯದಾಗಿ ಬಂದಿ. ಅನಾವಶ್ಯಕವಾದ ದಾರಿಗಳ ಬಾಯಿಗೆ ಮುಳ್ಳು ಹಾಕಿ ಮುಚ್ಚಬೇಕು. ಗಾಯರಾಣವಾದರೆ ಪಾಲು ಮಾಡಿ ಒಂದೊಂದು ಪಾಲನ್ನು ಸರದಿಯಂತೆ ಎರಡು ಮೂರು ಮಳೆಗಾಲ ದನಗಳಿಗೆ ಮುಚ್ಚಿಡಬೇಕು. ಪೂರ್ಣ ಮುಚ್ಚಿದರೆ ಬಡವರ ಕುರಿ ಆಡುಗಳಿಗೆ ದಾರಿಯಿಲ್ಲದಾಗುತ್ತದೆ. ಹುಲ್ಲನ್ನು ಕೊಯ್ದು ಹೊತ್ತು ಒಯ್ಯಲು ಅಪ್ಪಣೆ ಕೊಡಬಹುದು.

ಎರಡನೆಯದಾಗಿ ಗಟ್ಟಿಯನ್ನು ಒಡೆಯುವುದು. ಇದನ್ನು ನೆಲವು ಒಣಗಿದ್ದಾಗಲೇ ಮಾಡಬೇಕು. ಹಸಿಯಲ್ಲಿ ಮಾಡಿದರೆ ಗಾಯದ ಮೇಲೆ ಬರೆ ಎಳೆದಂತಾಗುತ್ತದೆ. ಆಳಕ್ಕೆ ಇಳಿಯುವ ಉಳಿಯಂಥ ನೇಗಿಲನ್ನು ಇಳಿಜಾರಿಗೆ ಅಡ್ಡವಾಗಿ ಹೊಡೆಯಬೇಕು. ಕೆಳಗಿನ ಗರಸು ಮೇಲಕ್ಕೆ ಬಾರದಂತೆ, ಮಣ್ಣನ್ನು ಮಗುಚದೆ ಬರಿದೆ ಸೀಳುವುದೇ ಉತ್ತಮ.

ಮೂರನೆಯದಾಗಿ ನೀರಿಗೆ ತಡೆ. ಗಾಲಿಯ ಸಾಲುಗಳಿಗೆ ಅಲ್ಲಲ್ಲಿ ಕಲ್ಲಿನ ಅಡ್ಡಗಟ್ಟೆ ಹಾಕಬೇಕು. ಕೆಳಗಿನ ಗಟ್ಟೆಯ ತಲೆಯು ಮೇಲಿನ ಗಟ್ಟೆಯ ಬುಡಕ್ಕೆ ಸಮನಾಗಿರುವಂತೆ ಅಂತರವನ್ನು ಇಡತಕ್ಕದ್ದು. ಅಂತರವು ಹೆಚ್ಚಾದರೆ ಎರಡರ ನಡುವೆ ನೆಲ ಕೊರೆಯುತ್ತದೆ. ಒಡೆದ ಹಳೆಯ ಒಡ್ಡುಗಳನ್ನು ಇದರೊಡನೆಯೇ ಕಟ್ಟಿಸಬೇಕು.

ನಾಲ್ಕನೆಯದಾಗಿ ಹೊದಿಕೆ. ಮೋಜಾವೆಯಲ್ಲಿ ಕೆಲಸ ಮಾಡುವವರು ಒಣಗಿದ ಟೊಂಗೆಗಳನ್ನು ನೆಟ್ಟಗೆ ನೆಲದಲ್ಲಿ ಹುಗಿಯುತ್ತಾರೆ. ಸತ್ತ ಟೊಂಗೆಯು ಚಿಗುರುವುದಿಲ್ಲ ನಿಜ. ಆದರೆ ಅದು ಗಾಳಿಯನ್ನು ತಗ್ಗಿಸಿ, ಹಾರಿಬಂದ ಬೀಜವನ್ನೂ ಮಣ್ಣನ್ನೂ ತನ್ನ ಬುಡದಲ್ಲಿ ಹಿಡಿಯುತ್ತದೆ, ಹಳೆಯ ದಾರಿಯನ್ನು ಮರೆಮಾಡಿ ಬಂಡಿಯವರನ್ನು ದೂರ ಇಡುತ್ತದೆ. ನಮ್ಮಲ್ಲಿ ಕಡಿದ ಬಳ್ಳಾರಿ ಜಾಲಿಯನ್ನು, ಕಾಯಿಗಳನ್ನು ಉದುರಿಸಿದ ಮೇಲೆ, ಈ ಕೆಲಸಕ್ಕೆ ಬಳಸಬಹುದು. ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆಗಳನ್ನು ಸುಡುವುದಕ್ಕಿಂತ ಹೀಗೆ ಉಪಯೋಗಿಸುವುದು ಲೇಸು.

ಐದನೆಯದಾಗಿ ಬಿತ್ತನೆ. ಅಂಜನ ಹುಲ್ಲಿನ ಬೀಜವು ಹಗುರವಾದುದರಿಂದ ಗಾಳಿಗೆ ಹಾರಿಹೋಗುತ್ತದೆ. ಜೇಡಿಮಣ್ಣು, ಸಗಣಿ, ಮರಳು ಇವುಗಳಲ್ಲಿ ಕಲಸಿ ಸಣ್ಣ ಉಂಡೆ ಮಾಡಿ ಒಣಗಿಸಿ, ಮುಂಗಾರಿಯ ಮೊದಲ ಹದಮಳೆಯ ಮುಂಚೆ ಸೀಳಿದ ಸಾಲುಗಳಲ್ಲಿ ಹಾಕುವ ಜೋಧಪುರದ ಪದ್ಧತಿಯು ಇಲ್ಲಿಗೂ ತಕ್ಕದ್ದು. ಜೊತೆಗೆ ಸ್ಟೈಲೋ ಎಂಬ ದ್ವಿದಳ ಮೇವನ್ನು ಸೇರಿಸಿದರೆ ನೆಲಕ್ಕೂ ದನಕ್ಕೂ ಹಿತವಾಗುತ್ತದೆ. ಗಿಡಗಳಲ್ಲಿ ಬನ್ನಿ, ಬೇವು, ಜಾಲಿ, ಬಾರಿ ಇವು ಉತ್ತಮ. ಬನ್ನಿಯು ಮೊದಲಿನ ವರ್ಷಗಳಲ್ಲಿ ಮೇಲೆ ಬೆಳೆಯದೆ ಕೆಳಗೆ ಬೇರು ಬಿಡುತ್ತದೆ. ಅದನ್ನು ಕಂಡು ನಿರಾಶೆಗೊಳ್ಳಬಾರದು.

ಹೊಲ ಕೊಡುವ ಮುಂಚೆ ಬರೆಯತಕ್ಕ ಕರಾರುಗಳು

ಕೆಟ್ಟ ಮೇಲೆ ಕಟ್ಟುವುದಕ್ಕಿಂತ ಕೆಡದಂತೆ ನೋಡಿಕೊಳ್ಳುವುದು ಅಗ್ಗವಾದುದು. ದಾರಿಗಾಗಿ, ಯಂತ್ರಕ್ಕಾಗಿ, ಕಲ್ಲು ಗರಸಿಗಾಗಿ ಹೊಲವನ್ನು ಗುತ್ತಿಗೆ ಕೊಡುವ ಮಾಲಕರು ಹಣದ ಮಾತಿನ ಜೊತೆಗೆ ಕೆಳಗಿನವುಗಳನ್ನೂ ಕಾಗದದಲ್ಲಿ ಬರೆಯಿಸಬೇಕು. ಕೆಲಸದ ಮುಂಚೆ ಉಭಯತರ ಸಮಕ್ಷಮದಲ್ಲಿ ಪಟ್ಟಿಗಳ ತಪಾಸಣೆ ಮತ್ತು ಛಾಯಾಚಿತ್ರ; ಹೋಗಿಬರಲು ಒಂದೇ ದಾರಿ, ತಿರುಗಲು ಗೊತ್ತುಮಾಡಿದ ಒಂದೇ ಜಾಗ; ನೆಲ ಹಸಿಯಿರುವಾಗ ಭಾರದ ಗಾಡಿಗಳಿಗೆ ಪ್ರತಿಬಂಧ; ಅಗೆಯುವಾಗ ಮೇಲಿನ ಒಂದು ಗೇಣು ಮಣ್ಣನ್ನು ಬೇರೆ ಗುಡ್ಡೆ ಮಾಡಿ, ಕೆಲಸ ಮುಗಿದ ಕೂಡಲೆ ಎಲ್ಲಕ್ಕೂ ಮೇಲೆ ಅದನ್ನೇ ಹರಡುವುದು; ನೆಲವು ಮುಟ್ಟದ ಪಟ್ಟಿಯ ಸ್ಥಿತಿಗೆ ಸಮೀಪ ಬರುವ ವರೆಗೆ ದುರಸ್ತಿಯ ಹಣವನ್ನು ಠೇವಣಿಯಾಗಿ ಇರಿಸುವುದು. ಗಾಯರಾಣದ ವಿಷಯದಲ್ಲಿ ಈ ಕರಾರುಗಳನ್ನು ಕೇಳುವ ಹೊಣೆಯು ಪಂಚಾಯತಿಯ ಮುಖಂಡರದು. ಗಾಯರಾಣಕ್ಕೆ ಬೇರೆ ಬಾಯಿಯಿಲ್ಲ.

ಸೂಡಿಯ ಸೀಮೆಯು ಮರುಭೂಮಿಯಲ್ಲ. ಮೋಜಾವೆಯಲ್ಲಿ ವರ್ಷಕ್ಕೆ 5 ಅಂಗುಲದ ಆಸುಪಾಸು, ಜೈಸಲಮೇರದಲ್ಲಿ 8 ಅಂಗುಲದ ಆಸುಪಾಸು ಮಳೆಯಾದರೆ ನಮ್ಮಲ್ಲಿ 24 ಅಂಗುಲದ ಸುಮಾರಿಗೆ ಆಗುತ್ತದೆ. ಆದಕಾರಣ ಅಲ್ಲಿ ನೂರು ವರ್ಷ ಹಿಡಿಯುವ ಕೆಲಸವು ಮನುಷ್ಯನು ಕೈಹಚ್ಚಿದರೆ ಇಲ್ಲಿ ಬಹಳ ಬೇಗ ಆಗಬಲ್ಲುದು. ಕೈಹಚ್ಚದಿದ್ದರೆ ಮಾತ್ರ ಮಸಾರಿ ಮಡ್ಡಿಗಳು ಅದೇ ದಾರಿ ಹಿಡಿಯುವುವು.

ಹನ್ನೊಂದನೆಯ ಶತಮಾನದಲ್ಲಿ ಕಿಸುಕಾಡು ಎಪ್ಪತ್ತನ್ನು ಆಳಿದ ಚಾಲುಕ್ಯರ ಅಕ್ಕಾದೇವಿಯು ರಣಭೈರವಿಯೆಂದು ಶಾಸನಗಳಲ್ಲಿ ಹೆಸರಾದವಳು. ಆಕೆಯ ಆಳಿಕೆಯ ಕೇಂದ್ರವಾಗಿದ್ದ ಸೂಡಿಯಲ್ಲಿ ಇಂದು ಯುದ್ಧದ ಗುರುತುಗಳು ಉಳಿದಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ನಾಗಕುಂಡವು ಉಳಿದಿದೆ. ಒಣಸೀಮೆಯಲ್ಲಿ ನೀರನ್ನೂ ನೆಲವನ್ನೂ ಹಿಡಿದಿಟ್ಟ ಕೆಲಸವೇ ಕಡೆಗೆ ನಿಲ್ಲುವುದು. ಬರುವ ಬನ್ನಿಹಬ್ಬದ ಮರುದಿನ ಪ್ರತಿಯೊಂದು ಊರಿನ ಪ್ರಮುಖರು ಒಂದು ಹಗ್ಗ, ಒಂದು ಸಲಾಕೆ, ಒಂದು ಡಬ್ಬಿ, ಒಂದು ವಹಿ ಇಷ್ಟನ್ನು ತೆಗೆದುಕೊಂಡು ತಮ್ಮ ಗಾಯರಾಣಕ್ಕೆ ಹೋಗಿ ಮೊದಲನೆಯ ಪಟ್ಟಿಯ ಕಲ್ಲನ್ನು ಹುಗಿಯತಕ್ಕದ್ದು.